ಜೀವಕೋಶದೊಳಗೆ ಮನೆ ಮಾಡುವ ಬ್ಯಾಕ್ಟೀರಿಯಾ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮೈಸೂರಿನ ಒಂದು ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಪಾಠ ಮಾಡುತ್ತೇನೆ. ಊರು ಮಂಡ್ಯದ ಕಡೆ. ಹಾಗಾಗಿ ಪ್ರಶ್ನೆಗಳು ಎರಡೂ ಕಡೆಯಿಂದ ಬರುತ್ತವೆ. ಕ್ಲಾಸಿನ ಮಕ್ಕಳು ಕೇಳುವುದು ಒಂದು ಥರ, ಊರಿನ ನೆಂಟರು ಕೇಳುವುದು ಇನ್ನೊಂದು ಥರ. ಟಿಬಿ, ಟೈಫಾಯಿಡ್, ಹೊಲದಲ್ಲಿ ಹತ್ತುವ ಜ್ವರ, ಹಸು ಕಂದು ಹಾಕುವ ಕಾಯಿಲೆ, ಎಲ್ಲವನ್ನೂ ಬೇರೆ ಬೇರೆ ಅಂದುಕೊಂಡೇ ಕೇಳುತ್ತಾರೆ. ಆದರೆ ಅರ್ಧ ಉತ್ತರ ಎಲ್ಲಕ್ಕೂ ಒಂದೇ. ಈ ಬ್ಯಾಕ್ಟೀರಿಯಾಗಳು ನಮ್ಮ ಜೀವಕೋಶದ ಒಳಗೆ ಬದುಕುತ್ತವೆ. ಯಾವ ಟೆಸ್ಟ್, ಯಾವ ಮಾತ್ರೆ, ಎಷ್ಟು ದಿನ ಅನ್ನುವುದೆಲ್ಲ ಅಲ್ಲಿಂದಲೇ ಶುರುವಾಗುತ್ತದೆ. ನಾನು ಡಾಕ್ಟರಲ್ಲ. ಮಾತ್ರೆ ಬರೆಯುವ ಕೆಲಸ ಅವರದು, ಹಿಂದಿನ ಕಾರಣ ಹೇಳುವುದಷ್ಟೇ ನನ್ನದು.

ಬ್ಯಾಕ್ಟೀರಿಯಾ ಜೀವಕೋಶದ ಒಳಗೇ ಹೋಗುತ್ತಾ? ಅಷ್ಟು ಜಾಗ ಇರುತ್ತಾ?

ಬೇಕಾದಷ್ಟು ಇರುತ್ತದೆ. ಶ್ವಾಸಕೋಶದಲ್ಲಿ ಕಾವಲು ತಿರುಗುವ ಮ್ಯಾಕ್ರೋಫೇಜ್ ಎಂಬ ಕೋಶ ಸುಮಾರು 20 ಮೈಕ್ರಾನ್ ಅಗಲ. ಇದು ಬಿಳಿ ರಕ್ತಕಣದ ವಂಶದ್ದೇ. ಟಿಬಿ ಬ್ಯಾಕ್ಟೀರಿಯಾ 2ರಿಂದ 4 ಮೈಕ್ರಾನ್ ಉದ್ದದ ಸಣ್ಣ ಕಡ್ಡಿ. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನಲ್ಲಿ ಸಾವಿರದ ಒಂದು ಪಾಲು. ಒಂದೇ ಮ್ಯಾಕ್ರೋಫೇಜಿನಲ್ಲಿ ಹತ್ತಾರು ಕಡ್ಡಿಗಳು ಆರಾಮಾಗಿ ಇರಬಹುದು.

ಎಲ್ಲ ಬ್ಯಾಕ್ಟೀರಿಯಾನೂ ಹೀಗೆ ಮಾಡುವುದಿಲ್ಲ. ಕಾಲರಾದ್ದು ಕರುಳಿನೊಳಗೆ ಇದ್ದರೂ ಜೀವಕೋಶದ ಹೊರಗೇ ಇರುತ್ತದೆ. ಒಳಗೆ ಹೋಗುವವರಲ್ಲೂ ಎರಡು ಥರ. ಟಿಬಿ, ಟೈಫಾಯಿಡ್ ಬ್ಯಾಕ್ಟೀರಿಯಾಗಳು, ಹಸು ಕಂದು ಹಾಕುವ ಕಾಯಿಲೆ ತರುವ ಬ್ರೂಸೆಲ್ಲಾ ಒಳಗೂ ಬದುಕುತ್ತವೆ, ಲ್ಯಾಬಿನ ಪ್ಲೇಟಿನ ಮೇಲೂ ಬೆಳೆಯುತ್ತವೆ. ಹೊಲದಲ್ಲಿ ಹತ್ತುವ ಸ್ಕ್ರಬ್ ಟೈಫಸ್ ಜ್ವರ ತರುವ ಒರಿಯೆಂಟಿಯಾ, ಕಣ್ಣಿನ ಟ್ರಕೋಮಾ ತರುವ ಕ್ಲಮೈಡಿಯಾ ಇವಕ್ಕೆ ಮಾತ್ರ ಬೇರೆಯವರ ಜೀವಕೋಶ ಇಲ್ಲದೆ ಸಂಸಾರವೇ ನಡೆಯುವುದಿಲ್ಲ.

ಬಿಳಿ ರಕ್ತಕಣ ಇರೋದೇ ರೋಗಾಣು ನುಂಗಿ ಸಾಯಿಸೋಕೆ ಅಲ್ವಾ? ಅದರ ಹೊಟ್ಟೆಯೊಳಗೇ ಹೇಗೆ ಬದುಕುತ್ತವೆ?

ಇಡೀ ವಿಷಯದ ತಿರುಳು ಇದೇ, ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಕೋಶಗಳು ಹೊರಗಿನ ವಸ್ತುವನ್ನು ಮುತ್ತಿಕೊಂಡು ನುಂಗುತ್ತವೆ ಎಂಬುದನ್ನು ರಷ್ಯಾದ ಎಲೀ ಮೆಚ್ನಿಕಾಫ್ 1882ರಲ್ಲಿ ಇಟಲಿಯ ಮೆಸ್ಸೀನಾದಲ್ಲಿ ಕಂಡರು. ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿಟ್ಟು, ಮಾರನೇ ದಿನ ನೋಡಿದರೆ ಮುಳ್ಳಿನ ಸುತ್ತ ಕೋಶಗಳು ಮುತ್ತಿದ್ದವು. 1908ರಲ್ಲಿ ಅವರಿಗೆ ನೊಬೆಲ್ ಬಂತು. ನುಂಗಿದ ಮೇಲೆ ಆಗುವುದು ಇಷ್ಟು: ಬ್ಯಾಕ್ಟೀರಿಯಾ ಒಂದು ಪುಟ್ಟ ಚೀಲದೊಳಗೆ ಸೇರುತ್ತದೆ. ಆ ಚೀಲ ನಿಧಾನವಾಗಿ ಹುಳಿಯಾಗುತ್ತ ಲೈಸೋಸೋಮ್ ಎಂಬ ಇನ್ನೊಂದು ಚೀಲದ ಜೊತೆ ಕೂಡಿಕೊಳ್ಳುತ್ತದೆ. ಹುಳಿ ಅಳೆಯುವ ಪಿಎಚ್ ಲೆಕ್ಕದಲ್ಲಿ ಲೈಸೋಸೋಮ್ 4.5ರಿಂದ 5ರ ಆಸುಪಾಸು, ಅಂದರೆ ಚೆನ್ನಾಗಿಯೇ ಹುಳಿ. ಅದರ ತುಂಬ ಎಂಥದ್ದನ್ನೂ ಕರಗಿಸುವ ಎಂಜೈಮುಗಳು. ಸಾಧಾರಣ ಬ್ಯಾಕ್ಟೀರಿಯಾ ಅಲ್ಲಿಗೆ ಮುಗಿಯಿತು.

ಟಿಬಿ ಬ್ಯಾಕ್ಟೀರಿಯಾ ಈ ಎರಡು ಚೀಲ ಕೂಡದ ಹಾಗೆ ನೋಡಿಕೊಳ್ಳುತ್ತದೆ. ಅದರ ಮೈಮೇಲಿನ ಕೊಬ್ಬಿನಂಶಗಳೂ ಅದು ಸ್ರವಿಸುವ ಪ್ರೋಟೀನುಗಳೂ ಕೋಶದೊಳಗಿನ ಸಾಗಣೆಯನ್ನು ತಡೆಯುತ್ತವೆ. ಚೀಲ ಅರ್ಧ ದಾರಿಯಲ್ಲೇ ನಿಂತುಬಿಡುತ್ತದೆ, ಪೂರ್ತಿ ಹುಳಿಯಾಗುವುದೇ ಇಲ್ಲ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿಕೊಂಡ ಹಾಗೆ, ತನ್ನನ್ನು ಕೊಲ್ಲಲು ಕಟ್ಟಿದ ಜಾಗದಲ್ಲೇ ಅದು ಮರಿ ಮಾಡಿಕೊಂಡಿರುತ್ತದೆ.

ಬ್ರೂಸೆಲ್ಲಾದ ಉಪಾಯ ಬೇರೆ. ಅದರ ಚೀಲ ಸ್ವಲ್ಪ ಹುಳಿಯಾಗುತ್ತದೆ. ಆ ಹುಳಿಯೇ ಅದಕ್ಕೆ ಸೂಚನೆ. ಕೂಡಲೇ ತನ್ನ ಪ್ರೋಟೀನುಗಳನ್ನು ಕೋಶದೊಳಕ್ಕೆ ತಳ್ಳಿ, ಚೀಲವನ್ನು ಕೋಶ ತನ್ನ ಪ್ರೋಟೀನು ತಯಾರಿಸುವ ಜಾಲದ ಕಡೆ ತಿರುಗಿಸಿಕೊಳ್ಳುತ್ತದೆ. ಆಹಾರದಿಂದ ಹತ್ತುವ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಕಾಯುವುದೇ ಇಲ್ಲ. ಚೀಲಕ್ಕೆ ತೂತು ಕೊರೆಯುವ ಒಂದು ಪ್ರೋಟೀನು ಬಿಟ್ಟು ಹೊರಗೆ ಹಾರಿ, ಕೋಶದ ತಿಳಿರಸದಲ್ಲಿ ಓಡಾಡುತ್ತದೆ. ಒರಿಯೆಂಟಿಯಾನೂ ಚೀಲ ಬಿಟ್ಟು ಬರುತ್ತದೆ.

ನನಗೆ ಎಲ್ಲಕ್ಕಿಂತ ಸೋಜಿಗ ಅನ್ನಿಸುವುದು ಕಾಕ್ಸಿಯೆಲ್ಲಾ. ಕುರಿ, ಮೇಕೆ, ದನಗಳಿಂದ ಹತ್ತುವ ಕ್ಯೂ ಜ್ವರದ ಬ್ಯಾಕ್ಟೀರಿಯಾ ಇದು. ತಪ್ಪಿಸಿಕೊಳ್ಳುವ ಗೋಜಿಗೇ ಹೋಗುವುದಿಲ್ಲ. ಲೈಸೋಸೋಮಿನ ಹುಳಿಯೇ ಅದಕ್ಕೆ ಇಷ್ಟ, ಹುಳಿ ಸಿಗದಿದ್ದರೆ ಬೆಳೆಯುವುದೇ ಇಲ್ಲ!

ನುಂಗದ ಕೋಶದೊಳಗೆ ಹೇಗೆ ನುಗ್ಗುತ್ತವೆ?

ಕರುಳಿನ ಒಳಪದರದ ಕೋಶಕ್ಕೆ ಬ್ಯಾಕ್ಟೀರಿಯಾ ನುಂಗುವ ಚಾಳಿ ಇಲ್ಲ. ಟೈಫಾಯಿಡ್ ಬ್ಯಾಕ್ಟೀರಿಯಾದ ಕುಲವಾದ ಸಾಲ್ಮೊನೆಲ್ಲಾ ಅದನ್ನೂ ನುಂಗುವ ಹಾಗೆ ಮಾಡುತ್ತದೆ. ಅದರ ಮೈಮೇಲೆ ಸೂಜಿಯಾಕಾರದ ಸಾಧನಗಳಿವೆ. ಅದರಿಂದ ಕೋಶದೊಳಕ್ಕೆ ಪ್ರೋಟೀನು ಚುಚ್ಚುತ್ತದೆ. ಆ ಕೋಶದ ಅಂಚು ಉಬ್ಬಿ, ಅಲೆಯೆದ್ದು, ಬ್ಯಾಕ್ಟೀರಿಯಾವನ್ನು ಒಳಗೆಳೆದುಕೊಳ್ಳುತ್ತದೆ. ಇಂಥ ಸೂಜಿ ವ್ಯವಸ್ಥೆ ಸಾಲ್ಮೊನೆಲ್ಲಾದಲ್ಲಿ ಎರಡು ಇವೆ: ಒಂದು ಒಳಗೆ ಹೋಗಲು, ಇನ್ನೊಂದು ಒಳಗೆ ಹೋದ ಮೇಲೆ ಉಳಿಯಲು.

ಒಳಗೆ ಊಟಕ್ಕೆ ಏನು ಮಾಡುತ್ತವೆ?

ನಮ್ಮದನ್ನೇ ತಿನ್ನುತ್ತವೆ. ಟಿಬಿ ಬ್ಯಾಕ್ಟೀರಿಯಾ ನಮ್ಮ ಕೋಶದ ಕೊಬ್ಬು, ಕೊಲೆಸ್ಟ್ರಾಲ್ ಎರಡನ್ನೂ ಬಳಸಿಕೊಳ್ಳುತ್ತದೆ. ಕಬ್ಬಿಣದ ವಿಷಯದಲ್ಲಿ ಮಾತ್ರ ದೊಡ್ಡ ಜಗ್ಗಾಟ. ದೇಹ ಕಬ್ಬಿಣವನ್ನು ಬಚ್ಚಿಡುತ್ತದೆ, ಬ್ಯಾಕ್ಟೀರಿಯಾ ಅದನ್ನು ಹಿಡಿಯುವ ಅಣುಗಳನ್ನು ಬಿಟ್ಟು ಎಳೆದುಕೊಳ್ಳುತ್ತದೆ.

ಕೂತಲ್ಲೇ ಊಟ ಸಿಕ್ಕರೆ ಅಡುಗೆ ಮರೆತುಹೋಗುತ್ತದೆ. ಕುಷ್ಠರೋಗದ ಬ್ಯಾಕ್ಟೀರಿಯಾಕ್ಕೆ ಆಗಿರುವುದು ಅದೇ. ಅದರ ಎಷ್ಟೋ ಜೀನುಗಳು ಈಗ ಕೆಲಸಕ್ಕೆ ಬಾರದ ಹಳೇ ಸಾಮಾನು. 1873ರಲ್ಲಿ ನಾರ್ವೆಯ ಹ್ಯಾನ್ಸನ್ ಕಂಡುಹಿಡಿದ ಈ ಬ್ಯಾಕ್ಟೀರಿಯಾವನ್ನು ಇವತ್ತಿಗೂ ಲ್ಯಾಬಿನ ಪ್ಲೇಟಿನಲ್ಲಿ ಬೆಳೆಸಲು ಆಗಿಲ್ಲ. ಇಲಿಯ ಪಾದದಲ್ಲೋ ಆರ್ಮಡಿಲೋ ಎಂಬ ಪ್ರಾಣಿಯಲ್ಲೋ ಬೆಳೆಸಬೇಕು. ಒಂದು ಎರಡಾಗಲು ಸುಮಾರು ಎರಡು ವಾರ ಬೇಕು.

ಒಂದು ಕೋಶದಿಂದ ಪಕ್ಕದ ಕೋಶಕ್ಕೆ ಹೇಗೆ ದಾಟುತ್ತವೆ?

ಕೆಲವು ಮನೆ ಒಡೆದು ಹೊರಗೆ ಬರುತ್ತವೆ. ಒರಿಯೆಂಟಿಯಾ ಹೊರಡುವಾಗ ಕೋಶದ ಪೊರೆಯನ್ನೇ ಮೈಗೆ ಸುತ್ತಿಕೊಂಡು ಮೊಗ್ಗಿನ ಹಾಗೆ ಉಬ್ಬಿ ಕಳಚಿಕೊಳ್ಳುತ್ತದೆ.

ಲಿಸ್ಟೀರಿಯಾದ್ದು ನೋಡುವಂಥದ್ದು. ನಮ್ಮ ಕೋಶಕ್ಕೆ ಆಕಾರ ಕೊಡುವ ಆಕ್ಟಿನ್ ಎಂಬ ಪ್ರೋಟೀನನ್ನು ಅದು ತನ್ನ ಒಂದು ತುದಿಯಲ್ಲಿ ಮಾತ್ರ ಪೋಣಿಸಿಕೊಳ್ಳುತ್ತದೆ. ಬಾಲ ಬೆಳೆದ ಹಾಗೆ ಬ್ಯಾಕ್ಟೀರಿಯಾ ಮುಂದಕ್ಕೆ ತಳ್ಳಿಕೊಂಡು ಹೋಗುತ್ತದೆ. ಹೋಗಿ ಕೋಶದ ಪೊರೆಗೆ ಗುದ್ದಿದರೆ, ಪೊರೆ ಬೆರಳಿನ ಥರ ಚಾಚಿ ಪಕ್ಕದ ಕೋಶದೊಳಕ್ಕೆ ತೂರುತ್ತದೆ. ಆ ಕೋಶ ಬೆರಳಿನ ತುದಿಯನ್ನೇ ನುಂಗುತ್ತದೆ. ಹೊರಗಿನ ಗಾಳಿ ಸೋಕದೆ ಮನೆ ಬದಲಾಯಿತು. ಈ ಬಾಲದ ಚಿತ್ರಗಳು 1989ರಲ್ಲಿ ಪ್ರಕಟವಾದವು. ಮಕ್ಕಳಿಗೆ ಇದರ ವಿಡಿಯೋ ತೋರಿಸಿದ ದಿನ ಹಿಂದಿನ ಬೆಂಚಿನವರೂ ಫೋನ್ ಕೆಳಗಿಡುತ್ತಾರೆ.

ಈ ವಿದ್ಯೆಯನ್ನೆಲ್ಲ ಎಲ್ಲಿ ಕಲಿತವು?

ಕೆಲವಕ್ಕೆ ಅಮೀಬಾ ಗುರು. ಕುಕ್ಕರಹಳ್ಳಿ ಕೆರೆಯಂಥ ನೀರಿನಲ್ಲಿ, ಗದ್ದೆಯ ಮಣ್ಣಿನಲ್ಲಿ ಅಮೀಬಾಗಳು ಬ್ಯಾಕ್ಟೀರಿಯಾ ನುಂಗಿ ಬದುಕುತ್ತವೆ. ನುಂಗುವ ರೀತಿ ನಮ್ಮ ಮ್ಯಾಕ್ರೋಫೇಜಿನದ್ದೇ. ಅಮೀಬಾದ ಹೊಟ್ಟೆಯಲ್ಲಿ ಉಳಿಯಲು ಕಲಿತ ಬ್ಯಾಕ್ಟೀರಿಯಾಕ್ಕೆ ಮನುಷ್ಯನ ಮ್ಯಾಕ್ರೋಫೇಜ್ ಹೊಸದೇನಲ್ಲ. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮಾಜಿ ಸೈನಿಕರ ಸಮ್ಮೇಳನಕ್ಕೆ ಬಂದವರಿಗೆ ನ್ಯುಮೋನಿಯಾ ತಂದ ಲೆಜಿಯೊನೆಲ್ಲಾ ಹೀಗೇ ಅಮೀಬಾದಲ್ಲಿ ಪಳಗಿದ್ದು. ಆತಿಥೇಯ ಕೋಶದೊಳಕ್ಕೆ ಅದು ಕಳಿಸಬಲ್ಲ ಪ್ರೋಟೀನುಗಳು 300ಕ್ಕೂ ಜಾಸ್ತಿ.

ಟಿಬಿ ಮಾತ್ರೆ ಆರು ತಿಂಗಳು ಯಾಕೆ? ಎರಡು ತಿಂಗಳಿಗೇ ಕೆಮ್ಮು ನಿಂತು ತೂಕ ಹೆಚ್ಚಾಯ್ತಲ್ಲ?

ಊರಿನಲ್ಲಿ ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಮೊದಲು ಈ ಬ್ಯಾಕ್ಟೀರಿಯಾ ಎಷ್ಟು ಗಟ್ಟಿ ಅಂತ ನೋಡೋಣ. ಕಫವನ್ನು ಗಾಜಿನ ಸ್ಲೈಡಿನ ಮೇಲೆ ತೆಳ್ಳಗೆ ಹಚ್ಚಿ, ಒಣಗಿಸಿ, ಮೇಲೆ ಕೆಂಪು ಬಣ್ಣ ಸುರಿಯುತ್ತೇವೆ. ಕೆಳಗಿನಿಂದ ಆವಿ ಏಳುವವರೆಗೆ ಬಿಸಿ ಮಾಡುತ್ತೇವೆ, ಕುದಿಯಲು ಬಿಡುವುದಿಲ್ಲ. ಬಿಸಿ ಇಲ್ಲದಿದ್ದರೆ ಅದರ ಮೇಣದ ಕವಚದೊಳಗೆ ಬಣ್ಣವೇ ಇಳಿಯದು. ಆಮೇಲೆ ಆಸಿಡ್ ಸುರಿದು ತೊಳೆಯುತ್ತೇವೆ. ಉಳಿದೆಲ್ಲದರ ಬಣ್ಣ ಹೋಗುತ್ತದೆ, ಇದರದ್ದು ಹೋಗುವುದಿಲ್ಲ. ಕೊನೆಗೆ ನೀಲಿ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನೀಲಿಯ ನಡುವೆ ತೆಳ್ಳಗಿನ, ಸ್ವಲ್ಪ ಬಾಗಿದ ಕೆಂಪು ಕಡ್ಡಿಗಳು. ಆಸಿಡ್ಡಿಗೂ ಜಗ್ಗದ ಆ ಕವಚವನ್ನು ಹೊದ್ದುಕೊಂಡೇ ಅದು ಮ್ಯಾಕ್ರೋಫೇಜಿನೊಳಗೆ ಕೂತಿರುವುದು.

ಎರಡನೇ ಕಾರಣ, ಅದರ ನಿಧಾನ. ಕರುಳಿನ ಇ. ಕೋಲೈ ಅನುಕೂಲ ಸಿಕ್ಕರೆ 20 ನಿಮಿಷಕ್ಕೆ ಎರಡಾಗುತ್ತದೆ. ಟಿಬಿಯದ್ದು ಎರಡಾಗಲು ಸುಮಾರು 20 ಗಂಟೆ. ಎಷ್ಟೋ ಕಡ್ಡಿಗಳು ಬೆಳೆಯುವುದನ್ನೇ ನಿಲ್ಲಿಸಿ ತೆಪ್ಪಗೆ ಕೂರುತ್ತವೆ. ಹೆಚ್ಚಿನ ಔಷಧಿಗಳು ಬೆಳೆಯುತ್ತಿರುವ ಬ್ಯಾಕ್ಟೀರಿಯಾವನ್ನು ಚೆನ್ನಾಗಿ ಕೊಲ್ಲುತ್ತವೆ, ಮಲಗಿದ್ದನ್ನು ಕೊಲ್ಲುವುದು ಕಷ್ಟ. ಅದಕ್ಕೇ ಮೊದಲ ಎರಡು ತಿಂಗಳು ನಾಲ್ಕು ಔಷಧಿ: ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್, ಎಥಾಂಬುಟಾಲ್. ವೇಗವಾಗಿ ಬೆಳೆಯುವವನ್ನು ಐಸೋನಿಯಾಜಿಡ್ ನೋಡಿಕೊಳ್ಳುತ್ತದೆ. ಆಗಾಗ ಎದ್ದು ಮಲಗುವವನ್ನು ರಿಫಾಂಪಿಸಿನ್. ಪೈರಾಜಿನಮೈಡ್ ಹುಳಿ ಇರುವ ಜಾಗದಲ್ಲಿ ಜಾಸ್ತಿ ಕೆಲಸ ಮಾಡುತ್ತದೆ. ಮುಂದಿನ ನಾಲ್ಕು ತಿಂಗಳು ಪೈರಾಜಿನಮೈಡ್ ಬಿಟ್ಟು ಉಳಿದ ಮೂರು. ಎರಡು ತಿಂಗಳಿಗೆ ಕೆಮ್ಮು ನಿಲ್ಲುವುದು ಎದ್ದಿದ್ದವು ಸತ್ತಿದ್ದಕ್ಕೆ. ಮಲಗಿದ್ದವು ಇನ್ನೂ ಇವೆ. ಅಲ್ಲಿ ನಿಲ್ಲಿಸಿದರೆ ಕಾಯಿಲೆ ಮರುಕಳಿಸುತ್ತದೆ. ಬಿಟ್ಟು ಬಿಟ್ಟು ತಗೊಂಡರಂತೂ ಔಷಧಿಗೆ ಬಗ್ಗದ ಟಿಬಿ ಹುಟ್ಟುತ್ತದೆ.

ರಿಫಾಂಪಿಸಿನ್ ತಗೊಂಡರೆ ಮೂತ್ರ ಕಿತ್ತಳೆ ಕೆಂಪಾಗುತ್ತದೆ. ರಕ್ತ ಅಂತ ಹೆದರಿ ಮಾತ್ರೆ ಬಿಡುವವರಿದ್ದಾರೆ. ಅದು ಔಷಧಿಯ ಬಣ್ಣ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಮಾತ್ರ ತಡಮಾಡದೆ ಡಾಕ್ಟರ ಹತ್ತಿರ ಹೋಗಿ. ಸರ್ಕಾರಿ ಆಸ್ಪತ್ರೆಯಲ್ಲಿ ಟೆಸ್ಟೂ ಮಾತ್ರೆಯೂ ಉಚಿತ. ಚಿಕಿತ್ಸೆಯಲ್ಲಿರುವವರಿಗೆ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ ಕೊಡುತ್ತಿದ್ದ 500 ರೂಪಾಯಿಯನ್ನು 2024ರ ನವೆಂಬರಿನಿಂದ 1000 ಮಾಡಿದ್ದಾರೆ. ಮೈಸೂರಿನ ಹಳಬರಿಗೆ ಕೆ.ಆರ್.ಎಸ್. ರಸ್ತೆಯ ಪಿ.ಕೆ.ಟಿ.ಬಿ. ಸ್ಯಾನಟೋರಿಯಂ ಎಂಬ ಟಿಬಿ ಆಸ್ಪತ್ರೆ ಗೊತ್ತಿರುತ್ತದೆ. ರಾಜಕುಮಾರಿ ಕೃಷ್ಣಾಜಮ್ಮಣ್ಣಿ ಹೆಸರಿನದು. ಈ ಮಾತ್ರೆಗಳು ಬರುವ ಮೊದಲು ಸ್ಯಾನಟೋರಿಯಂಗಳಲ್ಲಿ ಗಾಳಿ, ಬಿಸಿಲು, ಒಳ್ಳೆ ಊಟ, ವಿಶ್ರಾಂತಿ ಇವೇ ಮುಖ್ಯ ಚಿಕಿತ್ಸೆ.

ಟಿಬಿ ಒಳಗಿದ್ದೂ ಕಾಯಿಲೆ ಬರದೆ ಇರಬಹುದಾ?

ಇರಬಹುದು. ಪ್ರಪಂಚದ ನಾಲ್ಕನೇ ಒಂದು ಪಾಲು ಜನರಿಗೆ ಇದರ ಸೋಂಕು ತಗುಲಿದೆ ಎಂಬುದು ಅಂದಾಜು. ಅವರಲ್ಲಿ ಜೀವಮಾನದಲ್ಲಿ ಕಾಯಿಲೆ ಬೀಳುವವರು ನೂರಕ್ಕೆ 5ರಿಂದ 10. ಉಳಿದವರಲ್ಲಿ ರಕ್ಷಣಾ ಕೋಶಗಳು ಸುತ್ತ ಗಂಟು ಕಟ್ಟಿ ಅದನ್ನು ಅಲ್ಲೇ ಕೂಡಿಹಾಕುತ್ತವೆ. ಸಕ್ಕರೆ ಕಾಯಿಲೆ, ಎಚ್‌ಐವಿ, ಅಪೌಷ್ಟಿಕತೆ, ಸ್ಟೀರಾಯ್ಡ್ ಮಾತ್ರೆ ಇವು ಆ ಕಾವಲನ್ನು ಸಡಿಲ ಮಾಡುತ್ತವೆ. ಮನೆಯಲ್ಲಿ ಒಬ್ಬರಿಗೆ ಟಿಬಿ ಬಂದಾಗ ಆರೋಗ್ಯ ಕಾರ್ಯಕರ್ತೆಯರು ಮಿಕ್ಕವರಿಗೂ ಮಾತ್ರೆ ತಗೊಳ್ಳಿ ಅನ್ನುವುದು ಇದಕ್ಕೇ. ಚೆನ್ನಾಗಿದ್ದೀವಲ್ಲ, ನಮಗ್ಯಾಕೆ ಅಂತ ಬೈದು ಕಳಿಸಬೇಡಿ.

ಕಬ್ಬಿನ ಗದ್ದೆ ಕೆಲಸ ಮುಗಿಸಿ ಬಂದು ವಾರ ಹತ್ತು ದಿನಕ್ಕೆ ಜ್ವರ. ಡೆಂಗಿ ಇಲ್ಲ, ಮಲೇರಿಯಾ ಇಲ್ಲ. ಇನ್ನೇನಿರಬಹುದು?

ಸ್ಕ್ರಬ್ ಟೈಫಸ್ ಇರಬಹುದಾ ಅಂತ ಡಾಕ್ಟರನ್ನು ಕೇಳಿ. ಮಳೆಗಾಲ ಕಳೆಯುವ ಹೊತ್ತಿಗೆ ಇದು ಜಾಸ್ತಿ. ಹುಲ್ಲು, ಪೊದೆ, ಬದುವಿನ ಗಿಡಗಳಲ್ಲಿ ಇರುವ ಒಂದು ಬಗೆಯ ನುಸಿಯ ಮರಿ ಕಚ್ಚಿದರೆ ಬರುತ್ತದೆ. ಮರಿ ಎಷ್ಟು ಸಣ್ಣದೆಂದರೆ ಕಚ್ಚಿದ್ದು ಗೊತ್ತೇ ಆಗುವುದಿಲ್ಲ.

ಒರಿಯೆಂಟಿಯಾ ರಕ್ತನಾಳದ ಒಳಪದರದ ಕೋಶಗಳಿಗೆ ಸೇರುತ್ತದೆ. ಚೀಲದಿಂದ ತಪ್ಪಿಸಿಕೊಂಡು, ಕೋಶ ತನ್ನ ಸಾಮಾನು ಸಾಗಿಸುವ ತಂತುಗಳನ್ನೇ ಹಿಡಿದು ನ್ಯೂಕ್ಲಿಯಸ್ಸಿನ ಹತ್ತಿರ ಹೋಗಿ ಅಲ್ಲಿ ಹೆಚ್ಚುತ್ತದೆ. ರಕ್ತನಾಳ ಎಲ್ಲ ಕಡೆ ಇದೆಯಲ್ಲ, ಹಾಗಾಗಿ ತಡ ಮಾಡಿದರೆ ಶ್ವಾಸಕೋಶ, ಕಿಡ್ನಿ, ಮಿದುಳು ಯಾವುದಕ್ಕೂ ಪೆಟ್ಟು ಬೀಳಬಹುದು.

ಒಂದು ಗುರುತು ಇದೆ. ಕಚ್ಚಿದ ಜಾಗದಲ್ಲಿ ಕಪ್ಪು ಹಕ್ಕಳೆ, ಸುತ್ತ ಕೆಂಪು ಅಂಚು. ನೋವಿಲ್ಲ, ತುರಿಕೆಯೂ ಇಲ್ಲ. ಹಾಗಾಗಿ ರೋಗಿಯೇ ಹೇಳುವುದಿಲ್ಲ. ಕಂಕುಳು, ತೊಡೆ ಸಂದು, ಸೊಂಟದ ದಾರದ ಕೆಳಗೆ, ಹೆಂಗಸರಿಗೆ ಎದೆಯ ಅಡಿಯಲ್ಲಿ ಹೆಚ್ಚು. ಬಟ್ಟೆ ಬಿಗಿಯಾಗುವ ಕಡೆ ನುಸಿ ನಿಲ್ಲುತ್ತದೆ. ನಾಚಿಕೆಯಿಂದ ತೋರಿಸದೆ ಬಂದರೆ ಡಾಕ್ಟರಿಗೂ ಸುಳಿವು ತಪ್ಪುತ್ತದೆ. ಹಕ್ಕಳೆ ಎಲ್ಲರಲ್ಲೂ ಕಾಣುವುದಿಲ್ಲ, ಇಲ್ಲವೆಂದ ಮಾತ್ರಕ್ಕೆ ಕಾಯಿಲೆ ಇಲ್ಲ ಅನ್ನುವ ಹಾಗಿಲ್ಲ.

ಔಷಧಿ ಡಾಕ್ಸಿಸೈಕ್ಲಿನ್. ಕೋಶದೊಳಕ್ಕೆ ಸಲೀಸಾಗಿ ಹೋಗುತ್ತದೆ. ಗರ್ಭಿಣಿಯರಿಗೆ ಅಜಿತ್ರೋಮೈಸಿನ್ ಕೊಡುತ್ತಾರೆ. ಸರಿಯಾದ ಔಷಧಿ ಬಿದ್ದರೆ ಸಾಮಾನ್ಯವಾಗಿ ಎರಡು ದಿನದಲ್ಲಿ ಜ್ವರ ಇಳಿಯುತ್ತದೆ. ಪೆನಿಸಿಲಿನ್ ಜಾತಿಯವು, ಸೆಫ್‌ಟ್ರಯಾಕ್ಸೋನ್ ಇದಕ್ಕೆ ಉಪಯೋಗವಿಲ್ಲ. ದುಬಾರಿ ಇಂಜೆಕ್ಷನ್ ಐದು ದಿನ ಹಾಕಿಸಿಕೊಂಡರೂ ಇಳಿಯದ ಜ್ವರ ಅಗ್ಗದ ಮಾತ್ರೆಗೆ ಇಳಿದಾಗ ಜನಕ್ಕೆ ಆಶ್ಚರ್ಯ ಆಗುವುದು ಈ ಕಾರಣಕ್ಕೆ. ಹಾಗಂತ ಮೆಡಿಕಲ್ ಸ್ಟೋರಿನಲ್ಲಿ ನೀವೇ ಕೇಳಿ ತಗೊಳ್ಳಬೇಡಿ.

ನಮ್ಮ ಹಸು ಏಳನೇ ತಿಂಗಳಲ್ಲಿ ಕಂದು ಹಾಕಿತು. ಹಾಲು ಕುಡಿಯಬಹುದಾ?

ಕಾಯಿಸಿ ಕುಡಿದರೆ ಹಾಲಿನಿಂದ ಭಯವಿಲ್ಲ. ಚೆನ್ನಾಗಿ ಉಕ್ಕು ಬರಬೇಕು. ಬ್ರೂಸೆಲ್ಲಾ ಅಷ್ಟು ಬಿಸಿಗೆ ಸಾಯುತ್ತದೆ. ಡೈರಿಯ ಪ್ಯಾಕೆಟ್ ಹಾಲು ಪಾಶ್ಚರೀಕರಣ ಆಗಿಯೇ ಬರುತ್ತದೆ. ಕರೆದ ಹಾಲನ್ನು ಬೆಚ್ಚಗಿರುವಾಗಲೇ ಹಸಿಯಾಗಿ ಕುಡಿದರೆ ಶಕ್ತಿ ಅನ್ನುವ ಅಭ್ಯಾಸ ಬಿಡಿ.

ಹಾಲಿಗಿಂತ ದೊಡ್ಡ ಅಪಾಯ ಮಾಸಿನಲ್ಲಿದೆ. ಹಸುವಿನ ಮಾಸಿನಲ್ಲಿ ಎರಿತ್ರಿಟಾಲ್ ಎಂಬ ಸಕ್ಕರೆಯಂಥ ವಸ್ತು ಇರುತ್ತದೆ, ಬ್ರೂಸೆಲ್ಲಾಕ್ಕೆ ಅದು ಬಲು ಪ್ರೀತಿ. ಅಲ್ಲಿನ ಕೋಶಗಳಲ್ಲಿ ವಿಪರೀತ ಹೆಚ್ಚುತ್ತದೆ, ಅದಕ್ಕೇ ಕಂದು ಬೀಳುವುದು. ಬಿದ್ದ ಕಂದು, ಮಾಸು, ಅದರ ನೀರು ಎಲ್ಲದರಲ್ಲೂ ಬ್ಯಾಕ್ಟೀರಿಯಾ ತುಂಬಿರುತ್ತದೆ. ಬರಿಗೈಯಲ್ಲಿ ಎಳೆದರೆ ಬೆರಳಿನ ಸಣ್ಣ ಗಾಯದಿಂದಲೂ ಹತ್ತುತ್ತದೆ. ಕೈಗವಸು ಹಾಕಿಕೊಳ್ಳಿ, ಸುಣ್ಣ ಹಾಕಿ ಆಳವಾಗಿ ಹೂಳಿ, ನಾಯಿಗೆ ಸಿಗದ ಹಾಗೆ ನೋಡಿ. ಗಬ್ಬದ ಹಸುಗಳನ್ನು ದೂರ ಕಟ್ಟಿ. ಪಶುವೈದ್ಯರಿಗೆ ಹೇಳಿ ರಕ್ತ ಪರೀಕ್ಷೆ ಮಾಡಿಸಿ, ಕಂದು ಹಾಕಲು ಬೇರೆ ಕಾರಣಗಳೂ ಇವೆ. ಹೆಣ್ಣು ಕರುಗಳಿಗೆ 4ರಿಂದ 8 ತಿಂಗಳೊಳಗೆ ಒಂದು ಸಲ ಲಸಿಕೆ ಹಾಕುತ್ತಾರೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಕಾಲುಬಾಯಿ ಜ್ವರದ ಜೊತೆ ಇದೂ ಸೇರಿದೆ.

ಮನುಷ್ಯರಲ್ಲಿ ಇದು ಬಂದು ಹೋಗುವ ಜ್ವರ, ರಾತ್ರಿ ಬೆವರು, ಸೊಂಟನೋವು, ಕೀಲುನೋವು. ಗಂಡಸರಿಗೆ ವೃಷಣ ಊದಬಹುದು. ತಿಂಗಳುಗಟ್ಟಲೆ ಎಳೆಯುತ್ತದೆ. ಚಿಕಿತ್ಸೆ ಎರಡು ಔಷಧಿ, ಕನಿಷ್ಠ ಆರು ವಾರ. ಡಾಕ್ಟರು ಕೇಳದಿದ್ದರೂ ಮನೆಯಲ್ಲಿ ದನ, ಕುರಿ ಇವೆ ಅಂತ ನೀವೇ ಹೇಳಿ. ಲ್ಯಾಬಿನವರಿಗೂ ತಿಳಿಸಲಿ, ಪ್ಲೇಟಿನಿಂದ ಲ್ಯಾಬಿನವರಿಗೇ ಹತ್ತಿದ ಉದಾಹರಣೆಗಳು ಈ ಬ್ಯಾಕ್ಟೀರಿಯಾದಲ್ಲಿ ಬಹಳ.

ವಿಡಾಲ್ ಪಾಸಿಟಿವ್ ಬಂದಿದೆ. ಟೈಫಾಯಿಡ್ ಅಂತ ಗ್ಯಾರಂಟಿನಾ?

ಇಲ್ಲ. ವಿಡಾಲ್ ಎಂಬ ಈ ರಕ್ತ ಪರೀಕ್ಷೆ ನೋಡುವುದು ಬ್ಯಾಕ್ಟೀರಿಯಾವನ್ನಲ್ಲ, ಅದರ ವಿರುದ್ಧ ದೇಹ ಮಾಡಿಕೊಂಡ ಆಂಟಿಬಾಡಿ ಎಂಬ ಪ್ರೋಟೀನನ್ನು. ಹಳೇ ಸೋಂಕು, ಲಸಿಕೆ, ಬೇರೆ ಜ್ವರ ಇದ್ದರೂ ಪಾಸಿಟಿವ್ ಬರಬಹುದು. ಒಂದೇ ಒಂದು ವಿಡಾಲ್ ನೋಡಿ ತೀರ್ಮಾನಿಸುವ ಪದ್ಧತಿ ನಮ್ಮಲ್ಲಿ ಜಾಸ್ತಿಯಾಯಿತು. ಆಂಟಿಬಯಾಟಿಕ್ ಶುರು ಮಾಡುವ ಮೊದಲೇ ರಕ್ತದ ಕಲ್ಚರ್ ಮಾಡಿಸುವುದು ಸರಿ, ಅಂದರೆ ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವುದು. ಅದೂ ಎಲ್ಲ ಸಲ ಸಿಗುವುದಿಲ್ಲ. ಯಾಕೆಂದರೆ ಟೈಫಾಯಿಡ್ ರೋಗಿಯ ಒಂದು ಮಿ.ಲೀ. ರಕ್ತದಲ್ಲಿ ಒಂದೋ ಎರಡೋ ಬ್ಯಾಕ್ಟೀರಿಯಾ ಇದ್ದರೆ ಹೆಚ್ಚು. ಮೂಳೆಯ ಮಜ್ಜೆಯ ಮ್ಯಾಕ್ರೋಫೇಜುಗಳಲ್ಲಿ ಅದು ಜಾಸ್ತಿ ಇರುತ್ತದೆ, ಅಲ್ಲಿನ ಕಲ್ಚರಿನಲ್ಲಿ ಸಿಗುವ ಸಾಧ್ಯತೆಯೂ ಜಾಸ್ತಿ. ಹಾಗಂತ ಎಲ್ಲರ ಮೂಳೆಗೂ ಸೂಜಿ ಹಾಕಲಾಗುತ್ತದೆಯೇ?

ಮಾತ್ರೆ ಯಾಕೆ, ಒಂದು ಇಂಜೆಕ್ಷನ್ ಹಾಕಿ ಬಿಡಿ ಅಂದರೆ?

ಔಷಧಿ ದೇಹಕ್ಕೆ ಹೇಗೆ ಹೋಯಿತು ಅನ್ನುವುದಕ್ಕಿಂತ ಕೋಶದೊಳಗೆ ಹೋಯಿತಾ ಅನ್ನುವುದು ಮುಖ್ಯ. ಜೆಂಟಾಮೈಸಿನ್ ಬಲವಾದ ಇಂಜೆಕ್ಷನ್, ಆದರೆ ಕೋಶದ ಪೊರೆ ದಾಟುವುದು ತೀರಾ ಕಡಿಮೆ. ಎಷ್ಟು ಕಡಿಮೆ ಅಂದರೆ ಲ್ಯಾಬಿನಲ್ಲಿ ಇದನ್ನೇ ಪರೀಕ್ಷೆಗೆ ಬಳಸುತ್ತೇವೆ. ಜೀವಕೋಶಗಳಿಗೆ ಬ್ಯಾಕ್ಟೀರಿಯಾ ಸೇರಿಸಿ, ಸ್ವಲ್ಪ ಹೊತ್ತು ಬಿಟ್ಟು, ಜೆಂಟಾಮೈಸಿನ್ ಹಾಕಿದರೆ ಹೊರಗಿದ್ದವೆಲ್ಲ ಸಾಯುತ್ತವೆ. ಆಮೇಲೆ ಕೋಶ ಒಡೆದು ಪ್ಲೇಟಿಗೆ ಹಾಕಿದರೆ ಬೆಳೆಯುವುದೆಲ್ಲ ಒಳಗೆ ಸೇರಿದ್ದವು. ಅಜಿತ್ರೋಮೈಸಿನ್ ಮಾತ್ರೆಯೇ ಆದರೂ ಕೋಶದೊಳಗೆ ಗುಡ್ಡೆಯಾಗುತ್ತದೆ.

ಇವಕ್ಕೆಲ್ಲ ಒಳ್ಳೆ ಲಸಿಕೆ ಯಾಕಿಲ್ಲ?

ಹೆಚ್ಚಿನ ಲಸಿಕೆಗಳು ಆಂಟಿಬಾಡಿ ಹುಟ್ಟಿಸಿ ಕೆಲಸ ಮಾಡುತ್ತವೆ. ಕೋಶದೊಳಗೆ ಕೂತದ್ದಕ್ಕೆ ಆಂಟಿಬಾಡಿ ಮುಟ್ಟುವುದು ಕಷ್ಟ. ಅಲ್ಲಿ ಬೇಕಾದದ್ದು ಟಿ ಕೋಶಗಳು, ಇವೂ ಒಂದು ಬಗೆಯ ಬಿಳಿ ರಕ್ತಕಣಗಳೇ. ಅವು ಗಾಮಾ ಇಂಟರ್‌ಫೆರಾನ್ ಎಂಬ ಸಂಕೇತದ ಪ್ರೋಟೀನು ಬಿಟ್ಟು ಮ್ಯಾಕ್ರೋಫೇಜನ್ನು ಎಬ್ಬಿಸಿದರೆ, ನಿಂತಿದ್ದ ಚೀಲ ಮತ್ತೆ ಹುಳಿಯಾಗಲು ಶುರು. ಅಂಥ ರಕ್ಷಣೆಯನ್ನು ವರ್ಷಗಟ್ಟಲೆ ಉಳಿಸುವ ಲಸಿಕೆ ಮಾಡುವುದು ಸುಲಭವಿಲ್ಲ. 1921ರಿಂದ ಇರುವ ಟಿಬಿ ಲಸಿಕೆ ಬಿಸಿಜಿ ಚಿಕ್ಕ ಮಕ್ಕಳನ್ನು ಮಿದುಳಿನ ಟಿಬಿಯಂಥ ತೀವ್ರ ರೂಪಗಳಿಂದ ಚೆನ್ನಾಗಿ ಕಾಯುತ್ತದೆ, ದೊಡ್ಡವರ ಶ್ವಾಸಕೋಶದ ಟಿಬಿಗೆ ಅಷ್ಟು ಭರವಸೆ ಇಲ್ಲ. ಟೈಫಾಯಿಡ್‌ಗೆ ಮಾತ್ರ ಒಳ್ಳೆಯ ಲಸಿಕೆ ಇದೆ. ಅದು ಕೋಶ ಸೇರುವ ಮೊದಲು ಹೊರಗೂ ಇರುತ್ತದಲ್ಲ, ಆಗ ಆಂಟಿಬಾಡಿಗೆ ಸಿಗುತ್ತದೆ.

ಕಷಾಯ ಕುಡಿದರೆ ಮ್ಯಾಕ್ರೋಫೇಜ್ ಬಲ ಆಗುತ್ತಾ?

ಮೆಣಸಿನ ಕಷಾಯ ಗಂಟಲಿಗೆ ಹಿತ, ನಾನೂ ಕುಡಿಯುತ್ತೇನೆ. ಟಿಬಿ ಮಾತ್ರೆಯ ಬದಲಿಗೆ ಕುಡಿಯಬೇಡಿ. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಡುವುದು, ಹೊಟ್ಟೆ ತುಂಬ ಬೇಳೆ, ಮೊಟ್ಟೆ ತಿನ್ನುವುದು ಅದಕ್ಕಿಂತ ಜಾಸ್ತಿ ಕೆಲಸ ಮಾಡುತ್ತದೆ.

ನಮಗೆ ಒಳ್ಳೆಯದು ಮಾಡುವ ಬ್ಯಾಕ್ಟೀರಿಯಾ ಯಾವುದಾದರೂ ಕೋಶದೊಳಗೆ ಇದೆಯಾ?

ಒಂದು ಕಾಲದಲ್ಲಿ ಬ್ಯಾಕ್ಟೀರಿಯಾ ಆಗಿದ್ದದ್ದು ಇದೆ. ನಮ್ಮ ಕೋಶಗಳಿಗೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾ. ನೂರು ಕೋಟಿ ವರ್ಷಕ್ಕೂ ಹಿಂದೆ ಇನ್ನೊಂದು ಕೋಶದೊಳಗೆ ಸೇರಿ ಅಲ್ಲೇ ಉಳಿದುಹೋದ ಬ್ಯಾಕ್ಟೀರಿಯಾದ ಸಂತತಿ ಅದು. ಅಮೆರಿಕದ ಜೀವವಿಜ್ಞಾನಿ ಲಿನ್ ಮಾರ್ಗುಲಿಸ್ 1967ರಲ್ಲಿ ಈ ವಾದವನ್ನು ಮತ್ತೆ ಮುಂದಿಟ್ಟಾಗ ಸುಲಭವಾಗಿ ಯಾರೂ ಒಪ್ಪಲಿಲ್ಲ. ಈಗ ಪಠ್ಯಪುಸ್ತಕದಲ್ಲೇ ಇದೆ. ಅದಕ್ಕೆ ಇಂದಿಗೂ ತನ್ನದೇ ಡಿಎನ್ಎ ಇದೆ, ಪ್ರೋಟೀನು ಮಾಡುವ ರೈಬೋಸೋಮುಗಳೂ ಬ್ಯಾಕ್ಟೀರಿಯಾದವನ್ನೇ ಹೋಲುತ್ತವೆ.

ಆ ಹೋಲಿಕೆ ಆಸ್ಪತ್ರೆಯಲ್ಲೂ ಕಾಣಿಸಿಕೊಳ್ಳುತ್ತದೆ. ಔಷಧಿಗೆ ಬಗ್ಗದ ಟಿಬಿಗೆ ಕೊಡುವ ಲಿನೆಜೋಲಿಡ್ ಬ್ಯಾಕ್ಟೀರಿಯಾದ ರೈಬೋಸೋಮನ್ನು ತಡೆಯುತ್ತದೆ, ಜೊತೆಗೆ ಮೈಟೋಕಾಂಡ್ರಿಯಾದ್ದನ್ನೂ ಸ್ವಲ್ಪ ತಡೆಯುತ್ತದೆ. ಅದರಿಂದ ಕೆಲವರಿಗೆ ರಕ್ತ ಕಡಿಮೆಯಾಗುತ್ತದೆ, ಪಾದ ಜೋಮು ಹಿಡಿಯುತ್ತದೆ, ದೃಷ್ಟಿ ಮಂಜಾಗುತ್ತದೆ. ಹೀಗಾದರೆ ಮಾತ್ರೆಯನ್ನು ನೀವೇ ನಿಲ್ಲಿಸದೆ ಆ ದಿನವೇ ಹೋಗಿ ಹೇಳಿ. ಡೋಸ್ ಕಡಿಮೆ ಮಾಡುವುದೋ ಬದಲಾಯಿಸುವುದೋ ಡಾಕ್ಟರು ನೋಡುತ್ತಾರೆ.